ನಾಲ್ಕನೆಯ ಹೊಲಿಗೆ

ಕತ್ತಿನ ಹಿಂದೆ ಮತ್ತೆ ಚುಚ್ಚುತ್ತಿದೆ, ಹಾಗಾದರೆ ಈ ಅಂಗಿಯಲ್ಲೂ ಇದೆ, ನಿನ್ನೆಯ ನೀಲಿಯದರಲ್ಲಿತ್ತು, ಮೊನ್ನೆಯ ಸ್ವೆಟರಿನಲ್ಲಿತ್ತು, ಕಾಲರಿನ ಒಳಗೆ ಎರಡು ಬೆರಳಗಲದ ಬಟ್ಟೆಚೀಟಿ, ಮೇಲೆ ಏನೋ ಬರೆದಿದೆ, ಕನ್ನಡಕವಿಲ್ಲದೆ ಅಕ್ಷರವೆಲ್ಲ ಇರುವೆ ಸಾಲು, ಕನ್ನಡಕ ರಿಪೇರಿಗೆ ಹೋಗಿದೆಯಂತೆ — ಅಂತೆ, ನನ್ನನ್ನು ನೋಡಿಕೊಳ್ಳುವವಳು ಹೇಳಿದ್ದು — ಸರಿಯಾಗಿ ಇದೇ ವಾರ ಅದರ ಕಡ್ಡಿ ಮುರಿಯಬೇಕೇ. ಕಣ್ಣಿಲ್ಲದಿದ್ದರೇನು, ಬೆರಳಿದೆಯಲ್ಲ, ನಲವತ್ತಾರು ವರ್ಷ ಕೋಟು ಹೊಲಿದ ಬೆರಳು, ಯಾವ ದರ್ಜಿಯ ಕೈಯೆಂದು ಕತ್ತಲಲ್ಲೂ ಹೇಳುತ್ತದೆ. ಇದು ಬಲಗೈಯ ಹೊಲಿಗೆ, ಕಲಿತ ಕೈಯಲ್ಲ, ಒಂದು ಉದ್ದ ಒಂದು ಗಿಡ್ಡ, ಆದರೆ ತಮಾಷೆ ನೋಡು, ಮೂರು ಹೊಲಿಗೆ ಮುಂದೆ ಹೋಗಿ ನಾಲ್ಕನೆಯದು ಹಿಂದಕ್ಕೆ ತಿರುಗಿದೆ. ಅದು ನನ್ನ ಪಟ್ಟು, ನಮ್ಮಪ್ಪ ಕಲಿಸಿದ್ದು, ಮೂರು ಮುಂದೆ ಒಂದು ಹಿಂದೆ, ದಾರ ಕಡಿದ್ರೂ ಬಟ್ಟೆ ಬಿಡಬಾರ್ದು ಕಣೋ — ಈ ಊರಿನಲ್ಲಿ ಇನ್ನಾರಿಗೂ ಗೊತ್ತಿಲ್ಲ. ನನ್ನ ಪಟ್ಟನ್ನೇ ಕದ್ದು ನನ್ನ ಕತ್ತಿಗೇ ಹಾಕಿದ್ದಾಳೆ.

ಚೀಟಿ ಯಾಕೆಂದು ನನಗೆ ಗೊತ್ತಿಲ್ಲವೇ, ವೃದ್ಧಾಶ್ರಮದವರು ಗಂಟುಗಟ್ಟಲೆ ಅಂಗಿ ತಂದು ಸುರಿಯುತ್ತಿದ್ದರು, ಪ್ರತಿಯೊಂದಕ್ಕೂ ಹೆಸರು ಹೊಲಿದುಕೊಡಿ ಮಾಸ್ಟರ್, ಒಗೆಯೋವಾಗ ಅದಲುಬದಲಾಗ್ತಾವೆ, ನಾನು ಹೊಲಿದೆ, ಹೆಸರು ಹೊಲಿಸಿಕೊಂಡ ಅಂಗಿ ಆ ಗೇಟಿನ ಒಳಗೆ ಹೋಗುತ್ತದೆ, ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಈಗ ನನ್ನ ಸರದಿ. ಸಂಚು ಇಬ್ಬರದು, ಈ ಉದ್ದಜಡೆಯವಳು, ಎರಡು ವರ್ಷದ ಹಿಂದೆ ಏಜೆನ್ಸಿಯವರು ಕಳಿಸಿದವಳು, ಎಲ್ಲಿಂದಲೋ ಎರಡು ದಿನ ಪ್ರಯಾಣ ಮಾಡಿ ನನಗೆ ಸ್ನಾನ ಮಾಡಿಸಲು ಬಂದವಳು, ಮತ್ತೆ ಅಗೋ ಸೋಫಾದ ತುದಿಯಲ್ಲಿ ಕೂತಿದ್ದಾಳಲ್ಲ ಬರೆಯುವವಳು, ವಿಶ್ವವಿದ್ಯಾಲಯದಿಂದ ಬುಧವಾರ ಬುಧವಾರ ಬರುತ್ತಾಳೆ, ಸ್ವಂತ ಊರು ಬಿಟ್ಟು ಬಂದು ಮುದುಕರನ್ನು ನೋಡಿಕೊಳ್ಳುವವರ ಬದುಕಿನ ಅಧ್ಯಯನವಂತೆ. ಒಬ್ಬಳು ನೋಡಿಕೊಳ್ಳುವವಳು, ಇನ್ನೊಬ್ಬಳು ನೋಡಿ ಬರೆದುಕೊಳ್ಳುವವಳು, ನಡುವೆ ನಾನು, ಅಳತೆ ತೆಗೆಸಿಕೊಳ್ಳುವ ಗಿರಾಕಿ. ಬೆಳ್ಳಗಿರುವುದೆಲ್ಲ ಹಾಲಲ್ಲ ತಾಯಿ, ಮುದುಕ ತೂಕಡಿಸುತ್ತಾನೆಂದು ತಿಳಿದಿದ್ದೀರಿ, ನನ್ನ ಕಿವಿ ತೂಕಡಿಸುವುದಿಲ್ಲ. ಹೋದ ಬುಧವಾರ ಬರೆಯುವವಳು ಕೇಳಿದಳಲ್ಲ, ನಿಮಗೆ ಯಾವ್ದು ನಿಮ್ಮನೆ ಅನ್ಸುತ್ತೆ, ಊರಲ್ಲಿರೋದಾ, ಇಲ್ಲಿಯದಾ, ಅಂತ, ಆಗಷ್ಟೇ ತರಕಾರಿ ತಂದಿದ್ದ ಜಡೆಯವಳು ನಕ್ಕು ತನ್ನ ಕೋಟಿನ ಕಾಲರ್ ಮುಟ್ಟಿಕೊಂಡಳು. ಅದನ್ನು ಇವಳು ಬರೆದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆವತ್ತಿನಿಂದ ಆ ಕೋಟಿನ ಮೇಲೆ ನನಗೊಂದು ಕಣ್ಣು.

ನಾನು ದಾರಿ ತಪ್ಪುತ್ತೇನಂತೆ, ಶುದ್ಧ ಸುಳ್ಳು, ಬೀದಿಗಳನ್ನೇ ಬದಲಾಯಿಸಿದ್ದಾರೆ, ಕ್ಷೌರದಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ ತಂದಿಟ್ಟರೆ ಯಾವ ಮನುಷ್ಯ ಎಡಕ್ಕೆ ತಿರುಗಿಯಾನು. ಜಡೆಯವಳು ಬಂದ ಮೇಲೆ ಎರಡು ಸಲ ಅಷ್ಟೇ. ಎರಡನೆಯ ಸಲ ಒಬ್ಬ ಪೊಲೀಸಿನವನು, ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲ, ಅವನು ನನ್ನ ಬೆನ್ನ ಹಿಂದೆ ಬಂದು ಕತ್ತಿನ ಹತ್ತಿರ ಬಗ್ಗಿ ನೋಡಿ, ಬನ್ನಿ ತಾತ, ಗೊತ್ತಾಯ್ತು, ಎಂದು ನೇರ ಬಾಗಿಲಿಗೆ ತಂದುಬಿಟ್ಟ — ಅವನೂ ಇವರ ಕಡೆಯವನೇ ಇರಬೇಕು. ಜಡೆಯವಳು ಬಾಗಿಲಲ್ಲಿ ಬೆವರುತ್ತ ನಿಂತಿದ್ದಳು, ಅಕ್ಕಂಗೆ ಹೇಳ್ಬೇಡಿ ತಾತ, ನಾನೂ ಹೇಳಲ್ಲ. ಅಕ್ಕ ಎಂದರೆ ನನ್ನ ಮಗಳು. ನನ್ನ ಮಗಳಿಂದ ಮುಚ್ಚಿಡುವಂಥದ್ದು ಇವಳಿಗೇನಿದೆ, ಇರಲಿ, ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಕಾದೆ, ಇವತ್ತು ಬೆಳಿಗ್ಗೆ ನನ್ನ ದೊಡ್ಡ ಕತ್ತರಿಯೂ ಕಾಣಲಿಲ್ಲ, ಸಾಕು ಎಂದು ಮಗಳಿಗೆ ಫೋನು ಮಾಡಿದೆ. ಇವಳು ಬೇಡ ಕಣಮ್ಮ ನನಗೆ. ಮಗಳೆಂದಳು, ಇವಳು ಮೂರನೆಯವಳು ಅಪ್ಪ, ಇವಳಿದ್ದಾಗಲಾದ್ರೂ ನೀನು ಹೊರಗೆ ಹೋಗಿ ಕಳೆದುಹೋಗಿಲ್ಲ ಅಂತ ಧೈರ್ಯವಾಗಿದ್ದೆ, ಇನ್ನೊಂದು ಸಲ ಹಾಗಾದ್ರೆ ಆಶ್ರಮಾನೇ, ಆಮೇಲೆ ನನ್ನ ಬೈಬೇಡ, ನಾಲ್ಕಕ್ಕೆ ಬರ್ತೀನಿ, ಕಳಿಸಿಬಿಡೋಣ.

ನಾಲ್ಕಕ್ಕೆ ಹತ್ತು ನಿಮಿಷ. ಅವಳ ಚೀಲ ಬಾಗಿಲ ಬಳಿ, ಎರಡು ವರ್ಷಕ್ಕೆ ಒಂದೇ ಚೀಲ, ಅವಳು ಒಳಗೆ ನನ್ನ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುತ್ತಿದ್ದಾಳೆ, ಹೋಗುವವಳಿಗೆ ಬರುವ ವಾರದ ಚಿಂತೆ ಯಾಕೋ. ಕೋಟು ಇಲ್ಲೇ ಕುರ್ಚಿಯ ಬೆನ್ನಿಗೆ. ಎಳೆದುಕೊಂಡೆ. ಬರೆಯುವವಳ ಪೆನ್ನು ನಿಂತಿತು, ಮಾಸ್ಟರ್, ಅದು ಅವರ ಕೋಟು. ಗೊತ್ತಮ್ಮ, ಬರ್ಕೋ, ಮುದುಕ ಕಳ್ಳತನ ಹಿಡಿದ ಅಂತ ಬರ್ಕೋ. ಎಡಜೇಬು, ಬಾಚಣಿಗೆ, ಬಲಜೇಬು, ಬಸ್ಸಿನ ಟಿಕೆಟ್ಟು, ಕರವಸ್ತ್ರ, ಕತ್ತರಿಯಿಲ್ಲ, ಕಾಲರಿನ ಒಳಗೆ — ಚೀಟಿ. ಎರಡು ಬೆರಳಗಲ. ಹಳೆಯದು, ಒಗೆದು ಒಗೆದು ಮೆತ್ತಗಾಗಿದೆ. ಬೆರಳು ಹೋಗುತ್ತಿದೆ, ಒಂದೇ ಸಮದ ಹೊಲಿಗೆ, ಎಡಕ್ಕೆ ವಾಲಿದ ಹೊಲಿಗೆ, ಎಡಗೈಯವನದು, ಮೂರು ಮುಂದೆ, ನಾಲ್ಕನೆಯದು ಹಿಂದಕ್ಕೆ. ಎಡಗೈ ದರ್ಜಿ ಈ ಮನೆಯಲ್ಲಿ ಒಬ್ಬನೇ. ಓದಮ್ಮ ಇದನ್ನ, ಓದು. ಬರೆಯುವವಳು ಬಗ್ಗಿ ಓದಿದಳು, ಔಷಧಿ ಅಂಗಡಿ ಮೇಲೆ, ಎರಡನೇ ಮಹಡಿ, ಇವಳು ನಮ್ಮನೆಯವಳು, ದಾರಿ ತಪ್ಪಿದರೆ ಕರೆತನ್ನಿ. ಆಮೇಲೆ ಕೇಳದೆಯೇ ನನ್ನ ಕಾಲರ್ ಮಡಚಿ ಅದನ್ನೂ ಓದಿದಳು, ಔಷಧಿ ಅಂಗಡಿ ಮೇಲೆ, ಎರಡನೇ ಮಹಡಿ, ಇವರು ನಮ್ಮನೆಯವರು, ದಾರಿ ತಪ್ಪಿದರೆ ಕರೆತನ್ನಿ.

ಹೌದು, ಮೆಟ್ಟಿಲು, ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು, ಬಂದ ಮೊದಲನೇ ವಾರ, ಮಾರ್ಕೆಟ್ಟಿಗೆ ಹೋದವಳು ಮೂರು ಗಂಟೆ ಬೀದಿ ಬೀದಿ ಸುತ್ತಿ, ಕೇಳೋಕೆ ಬಾಯೇ ಬರ್ಲಿಲ್ಲ ತಾತ, ನಾನು ಬೈದೆ, ಪೆದ್ದಿ, ತಾ ಇಲ್ಲಿ ಕೋಟು ಎಂದೆ, ಕಿಟಕಿಯ ಬೆಳಕಿಗೆ ಕೂತೆ, ಅವಳು ಮೂಗು ಒರೆಸಿಕೊಳ್ಳುತ್ತ ಪಕ್ಕದಲ್ಲೇ ಕೂತು ನೋಡಿದಳು, ಇದ್ಯಾಕೆ ಹಿಂದಕ್ಕೆ ತಿರುಗಿಸ್ತೀರ ತಾತ, ಹೇಳಿಕೊಟ್ಟೆ, ನಾನೇ ಹೇಳಿಕೊಟ್ಟೆ, ಇದೆಲ್ಲ ಇಷ್ಟು ದಿನ ನನ್ನೊಳಗೆ ಎಲ್ಲಿ ಅಡಗಿ ಕೂತಿತ್ತು. ಅವಳು ಬಂದು ಎದುರು ನಿಂತಿದ್ದಾಳೆ, ಕೋಟು ಕೊಡಿ ತಾತ, ಅಕ್ಕ ಬರೋ ಹೊತ್ತಾಯ್ತು, ಕತ್ತರಿ ನಿಮ್ಮ ದಿಂಬಿನ ಕೆಳಗೆ ಇದೆ, ನಿನ್ನೆ ನೀವೇ ಇಟ್ಕೊಂಡ್ರಿ. ಬಯ್ಯಬಾರದೇ ನನ್ನನ್ನು, ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ನಾಚಿಕೆಯಾಗುತ್ತಿದೆ. ಕೆಳಗೆ ಬಾಗಿಲು ತೆರೆಯಿತು, ಮಗಳ ಹೆಜ್ಜೆ, ಮೇಲೆ ಬಂದು ಕೇಳುತ್ತಾಳೆ, ಏನಪ್ಪ ಇವಳು ಮಾಡಿದ್ದು, ಏನೂ ಮಾಡಿಲ್ಲ ಎನ್ನಬೇಕಾದರೆ ಈ ಚೀಟಿ ಯಾಕೆಂದು ಹೇಳಬೇಕು, ಚೀಟಿ ಯಾಕೆಂದು ಹೇಳಿದರೆ ದಾರಿ ತಪ್ಪಿದವನು ನಾನೆಂದಾಗುತ್ತದೆ, ಎರಡು ಸಲ, ಆಮೇಲೆ ಆ ಗೇಟು, ಹೇಳದಿದ್ದರೆ ಇವಳು ಈ ಕೋಟು ತೊಟ್ಟು ಹೊರಡುತ್ತಾಳೆ, ಈ ಮನೆಯ ವಿಳಾಸ ಕತ್ತಿನಲ್ಲಿ ಇಟ್ಟುಕೊಂಡು — ಕೋಟು ಕೊಡಿ ತಾತ — ಮೊದಲನೇ ಮಹಡಿ ದಾಟಿದಳು, ಬರೆಯುವವಳು ಪುಸ್ತಕ ಮುಚ್ಚಿದಳು, ಬಾಗಿಲು, ಯಾಕಪ್ಪ, ಅವಳ ಕೋಟು ನಿನ್ನ ಕೈಲಿ, ಬಾಯಿ ತೆರೆದಿದ್ದೇನೆ, ಬೆರಳು ಕಾಲರಿನೊಳಗಿಂದ ಬರುತ್ತಿಲ್ಲ, ಒಂದು, ಎರಡು, ಮೂರು ಮುಂದೆ, ನಾಲ್ಕನೆಯದು ಹಿಂದಕ್ಕೆ, ಒಂದು, ಎರಡು, ಮೂರು, ನಾಲ್ಕನೆಯದು ಹಿಂದಕ್ಕೆ