ಸೂಜಿ ಪೋಣಿಸಿದ ಕಣ್ಣು

ಮೂಗೂರಿನಿಂದ ಮೈಸೂರಿಗೆ ಹೋಗಿ ಕಾಲೇಜು ಸೇರಿದವರಲ್ಲಿ ಗಂಗಾಧರಸ್ವಾಮಿಯೇ ಮೊದಲಿಗ. ಎಫ್.ಎ. ತರಗತಿಯಲ್ಲಿ ಅವನಿಗೆ ಫಿಸಿಕ್ಸ್ ಪಾಠವಿತ್ತು. ಮೊದಲು ನೀರು, ಆಮೇಲೆ ಅಲೆ, ಕೊನೆಗೆ ಬೆಳಕು. ರಜಕ್ಕೆ ಊರಿಗೆ ಬಂದನೆಂದರೆ ಕಂಡಕಂಡವರ ಕಿವಿಗೆಲ್ಲ ಇದನ್ನೇ ತುರುಕುತ್ತಿದ್ದ. ನರಸೀಪುರದಲ್ಲಿ ಹೊಳೆ ದಾಟುವಾಗ ಹರಿಗೋಲು ಯಾಕೆ ತೇಲುತ್ತದೆಂದು ಅಂಬಿಗನಿಗೇ ಬೋಧನೆ ಮಾಡಿದ್ದನಂತೆ. ಅಂಬಿಗ ಪೂರ್ತಿ ಕೇಳಿಸಿಕೊಂಡು, "ಸರಿ ಬುದ್ದಿ, ತೇಲ್ತಾ ಅದಲ್ಲ, ಸುಮ್ಕೆ ಕೂತ್ಕಳಿ, ಅಳ್ಳಾಡಬ್ಯಾಡಿ" ಅಂದನಂತೆ.

ಊರಿನವರು ನಗುತ್ತಿದ್ದರು, ಒಳಗೊಳಗೇ ಹೆಮ್ಮೆಯನ್ನೂ ಪಡುತ್ತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗಂಗಾಧರನಿಗೆ ಎರಡೂ ಇದ್ದವು. ಇಲ್ಲದ್ದು ಇನ್ನೊಂದಿತ್ತು, ಅದರ ಹೆಸರನ್ನು ಯಾವ ಗಾದೆಯೂ ಹೇಳುವುದಿಲ್ಲ.

ಅವನಿಗೊಬ್ಬಳು ತಂಗಿ, ಸರ್ವಮಂಗಳಾ. ಮನೆಯಲ್ಲೆಲ್ಲ ಅವಳನ್ನು ಪೆದ್ದಿ ಎನ್ನುತ್ತಿದ್ದರು. ಕರುವನ್ನು ನಾಯಿ ಎಂದುಕೊಂಡು ಓಡಿಸುತ್ತಿದ್ದಳು. ಬೀದಿಯಲ್ಲಿ ಎದುರಾದ ಸೋದರತ್ತೆಯನ್ನು ಮಾತಾಡಿಸದೆ ಹೋಗುತ್ತಿದ್ದಳು. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಅವಳಷ್ಟು ಚುರುಕು ಯಾರೂ ಇಲ್ಲ. ಹೀಗಿದ್ದರೂ ಅವಳ ಕಣ್ಣಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಒಂದು ದಿನ ಕಾಲೇಜಿನಲ್ಲಿ ಮೇಷ್ಟರು ಕಿಟಕಿಗಳಿಗೆ ಕರಿಬಟ್ಟೆ ಹಾಕಿಸಿ, ಮೇಣದ ಬತ್ತಿ ಹಚ್ಚಿ, ಅದರ ಮುಂದೆ ಉಬ್ಬುಗಾಜು, ಗಾಜಿನ ಹಿಂದೆ ಬಿಳಿಯ ಪರದೆ ನಿಲ್ಲಿಸಿದರು. ಪರದೆಯ ಮೇಲೆ ಬತ್ತಿಯ ಕುಡಿ ತಲೆಕೆಳಗಾಗಿ ನಿಂತಿತು. ನಮ್ಮ ಕಣ್ಣೂ ಹೀಗೆಯೇ, ಹಿಂಭಾಗದಲ್ಲೊಂದು ಪರದೆ ಇದೆ ಎಂದರು. ಕೆಲವರ ಕಣ್ಣಿನಲ್ಲಿ ದೂರದಿಂದ ಬಂದ ಬೆಳಕು ಪರದೆ ಮುಟ್ಟುವ ಮುಂಚೆಯೇ ಕೂಡಿ, ಪರದೆಗೆ ಬರುವಷ್ಟರಲ್ಲಿ ಚದುರಿಹೋಗುತ್ತದೆ. ಅಂಥವರಿಗೆ ಹತ್ತಿರದ್ದು ಸ್ಪಷ್ಟ, ದೂರದ್ದೆಲ್ಲ ಮಬ್ಬು. ನಡು ತಗ್ಗಿರುವ ಗಾಜನ್ನು ಕಣ್ಣ ಮುಂದಿಟ್ಟರೆ ಎಲ್ಲ ಸರಿಹೋಗುತ್ತದೆ.

ತನ್ನ ತಂಗಿ ಮಂಗಳ ಪೆದ್ದಿಯಲ್ಲ ಎಂಬುದು ಗಂಗಾಧರನಿಗೆ ಆ ಕತ್ತಲೆಯ ಕೋಣೆಯಲ್ಲಿ ಹೊಳೆಯಿತು. ಆಗಿನ ಅವನ ಸಂತೋಷದಲ್ಲಿ ಕಲಬೆರಕೆ ಇರಲಿಲ್ಲ, ಅದನ್ನು ಒಪ್ಪಲೇಬೇಕು.

ಮುಂದಿನ ರಜದಲ್ಲಿ ಅವಳನ್ನು ಜಗಲಿಯ ಮೇಲೆ ಕೂರಿಸಿ, ಅಚ್ಚಿನ ಹಾಳೆಯೊಂದನ್ನು ಕಣ್ಣ ಮುಂದಿನಿಂದ ಮೆಲ್ಲಗೆ ಹಿಂದೆ ಸರಿಸುತ್ತ ಹೋದ. ಒಂದು ಗೇಣಿನಾಚೆ ಅಕ್ಷರಗಳು ಕಲಸಿಹೋದವು. ಆ ಅಳತೆ ಹಿಡಿದುಕೊಂಡು ಮೈಸೂರಿನ ಸಾಬರ ಅಂಗಡಿಯಲ್ಲಿ ತಗ್ಗುಗಾಜಿನ ಕನ್ನಡಕ ಮಾಡಿಸಿ ತಂದ. ಅವಳ ಮೂಗಿನ ಮೇಲೆ ಅದನ್ನು ಇಟ್ಟಾಗ ತಾಯಿ ಗುರುಸಿದ್ದಮ್ಮ ಹಿತ್ತಲ ಬಾವಿಯ ಹತ್ತಿರ ನಿಂತು ನೋಡುತ್ತಿದ್ದರು.

ಮಂಗಳ ಬಾವಿಯ ಕಡೆ ಕತ್ತು ತಿರುಗಿಸಿದಳು. ಆಮೇಲೆ, "ಅವ್ವಾ, ನೀನು ಅಲ್ಲಿಂದ್ಲೇ ನಗ್ತಾ ಇದ್ಯಾ?" ಎಂದು ಕೇಳಿದಳು. "ಜನ ಅಷ್ಟು ದೂರದಿಂದ್ಲೂ ನಗ್ತಾರಾ?"

ಗುರುಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷ ಮಗಳಿಗೆ ಪೆದ್ದಿ ಎಂದ ತಾಯಿ ಇನ್ನೇನು ಮಾಡಿಯಾರು?

ಕನ್ನಡಕದ ಸುಖ ಹೆಚ್ಚು ಕಾಲ ನಡೆಯಲಿಲ್ಲ. ಹದಿನಾರು ಎಂಬ ಊರಿನ ಶಿವಣ್ಣನವರ ಮನೆಯಿಂದ ಸಂಬಂಧ ಬಂತು. ಕೊಟ್ಟು ತರುವ ಸಂಬಂಧ. ಶಿವಣ್ಣನವರ ಮಗ ಬಸವಣ್ಣನಿಗೆ ಮಂಗಳ, ಗಂಗಾಧರ ಬಿ.ಎ. ಮುಗಿಸಿದ ಮೇಲೆ ಶಿವಣ್ಣನವರ ಮಗಳು ಅವನಿಗೆ. ಆ ಹುಡುಗಿಯನ್ನು ಗಂಗಾಧರ ನಂಜನಗೂಡಿನ ದೇವಸ್ಥಾನದಲ್ಲಿ ಒಮ್ಮೆ ನೋಡಿದ್ದ. ನೋಡಿದಂದಿನಿಂದ ಅವನ ತಲೆಯಲ್ಲಿ ನೀರೂ ಇರಲಿಲ್ಲ, ಅಲೆಯೂ ಇರಲಿಲ್ಲ.

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಕನ್ನಡಕ ಎಂದರೆ ಕಚೇರಿಯ ಮುದುಕರ ಸೊತ್ತು. ಹೆಣ್ಣು ಹಾಕಿಕೊಂಡರೆ ಅವಳು ಕುರುಡಿ, ಅಷ್ಟೇ. ಹೆಣ್ಣು ನೋಡಲು ಬರುವ ಮುದುಕಿಯರು ಕಣ್ಣಿನ ಪರೀಕ್ಷೆಗೆಂದೇ ಮಸುಕು ಹೊತ್ತಿನಲ್ಲಿ ಸೂಜಿ ದಾರ ಕೊಡುತ್ತಿದ್ದರು. ಪೋಣಿಸಿದರೆ ಕಣ್ಣು ಸರಿ, ಇಲ್ಲದಿದ್ದರೆ ಎಲೆ ಅಡಿಕೆ ಹಿಂದಕ್ಕೆ.

ಗಂಗಾಧರ ಪಾಠವನ್ನು ಮನಸ್ಸಿನಲ್ಲಿ ಒಮ್ಮೆ ತಿರುವಿಹಾಕಿ ತಂಗಿಯನ್ನು ಕರೆದ.

"ಕನ್ನಡಕ ತೆಗ್ದು ಕೊಡು. ಸೂಜಿ ಅತ್ರ ಇಡ್ಕೊಂಡ್ರೆ ನಿಂಗೆ ಬೇರೆಯವ್ರಿಗಿಂತ ಚೆನ್ನಾಗೇ ಕಾಣ್ತದೆ. ಅವ್ರ ಪರೀಕ್ಷೆಲಿ ನೀನು ಗೆದ್ದೇ ಗೆಲ್ತೀಯ."

"ಆಮ್ಯಾಕೆ?"

"ಮದ್ವೆ ಒಂದಾಗ್ಲಿ. ಭಾವನ ಕೈಲಿ ನಾನೇ ಮಾತಾಡಿ, ಮೊದಲ ಅಬ್ಬಕ್ಕೆ ಬಂದಾಗ ಕೊಟ್ಬಿಡ್ತೀನಿ."

ಅವಳು ಕನ್ನಡಕ ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ತನ್ನ ಟ್ರಂಕಿನಲ್ಲಿ ಹಾಕಿ ಬೀಗ ಜಡಿದ, ತಾಯಿಗೂ ಯಾರ ಹತ್ತಿರವೂ ಹೇಳಬೇಡವೆಂದ.

ಶಿವಣ್ಣನವರ ಅಕ್ಕ ಸಿದ್ದಲಿಂಗಮ್ಮ ಹೆಣ್ಣು ನೋಡಲು ಬಂದರು. ಆಕೆ ದಾರ ಕಡಿದು ಕೊಡುವ ಮುಂಚೆಯೇ ಎಂಬಂತೆ ಮಂಗಳ ಸೂಜಿ ಪೋಣಿಸಿ ಮುಂದಿಟ್ಟಳು. "ಅದ್ದಿನ ಕಣ್ಣು ಕಣವ್ವಾ!" ಎಂದು ಸಿದ್ದಲಿಂಗಮ್ಮ ಲಟಿಕೆ ಮುರಿದರು. ಮದುವೆ ಆಯಿತು.

ಮೊದಲ ಹಬ್ಬ ಬಂತು, ಹೋಯಿತು. ಗಂಗಾಧರ ಭಾವನ ಹತ್ತಿರ ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಮೋಸ ಮಾಡಿದಿರಿ ಎನ್ನುತ್ತಾರೆ, ತನ್ನ ಮದುವೆ ಒಂದು ಆಗಿಬಿಡಲಿ, ಆಮೇಲೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಂಗಳ ತವರಿಗೆ ಬಂದಾಗಲೆಲ್ಲ ಅಣ್ಣನ ಕೈ ನೋಡುತ್ತಿದ್ದಳು. "ತಂದ್ಯಾ ಅಣ್ಣ?" ಎಂದರೆ, "ಮುಂದ್ಲ ಸತಿ" ಎನ್ನುತ್ತಿದ್ದ.

ಹದಿನಾರಿನ ಗಂಡನ ಮನೆಯಲ್ಲಿ ಅವಳ ಬಾಳು ಹಾಳಾಗುತ್ತಿತ್ತು. ಮಾವ ಅಂಗಳಕ್ಕೆ ಕಾಲಿಟ್ಟರೆ ಸೊಸೆ ಏಳಬೇಕು, ಸೆರಗು ಹೊದೆಯಬೇಕು. ಇವಳು ಮುಖವೆತ್ತಿ ಅವರತ್ತಲೇ ನೋಡಿ, ಆಳು ಬಂದನೆಂದುಕೊಂಡು ಕೂತೇ ಇರುತ್ತಿದ್ದಳು. ಗಂಡ ದೂರದಿಂದ ಸನ್ನೆ ಮಾಡಿದರೆ ಕದಲುತ್ತಿರಲಿಲ್ಲ. ಸೂಜಿ ಪೋಣಿಸಿದವಳಿಗೆ ಮನುಷ್ಯರು ಕಾಣುವುದಿಲ್ಲವೆಂದರೆ ಯಾರು ನಂಬುತ್ತಾರೆ? ಮೂಗೂರವಳಿಗೆ ಸೊಕ್ಕು, ಅಣ್ಣ ಕಾಲೇಜು ಓದಿದ ಕೊಬ್ಬು ಎಂದರು. ಬಸವಣ್ಣ ಎರಡು ಸಲ ಕೈ ಎತ್ತಿದ. ಅವಳು ಅಣ್ಣನ ಮದುವೆಯನ್ನು ನೆನೆದು ಬಾಯಿ ಮುಚ್ಚಿಕೊಂಡಳು.

ಶ್ರಾವಣದ ಒಂದು ಸೋಮವಾರ ಮಠದ ಅಯ್ಯನವರು ಭಿಕ್ಷೆಗೆ ಬಂದರು. ಅವತ್ತು ಅವರಿಗೆ ಮೌನ. ತಲೆಬಾಗಿಲಲ್ಲಿ ಸದ್ದಿಲ್ಲದೆ ನಿಂತರು. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮಂಗಳ ಕತ್ತೆತ್ತಿ ನೋಡಿದಳು. ಬಾಗಿಲಲ್ಲಿ ಏನೋ ಕೆಂಪಗೆ ಇತ್ತು. ಒಣಗಹಾಕಿದ ಸೀರೆ ಇರಬೇಕೆಂದು ಮತ್ತೆ ಮೊರದ ಕಡೆ ಬಗ್ಗಿದಳು. ಅಯ್ಯನವರು ಬರಿಗೈಯಲ್ಲಿ ಹಿಂದಿರುಗಿದರು. ಮನೆಗೆ ಬಂದ ಜಂಗಮರನ್ನು ಕಣ್ಣಾರೆ ನೋಡಿಯೂ ನೋಡದಂತೆ ಕೂರುವುದೆಂದರೆ ನಮ್ಮವರಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಮಠದ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಮೈಸೂರಿನಿಂದ ಗಂಗಾಧರನನ್ನೂ ಕರೆಸಿದರು. ಬಿಳಿ ರುಮಾಲು ಸುತ್ತಿ, ಕರಿ ಕೋಟು ತೊಟ್ಟು, ಶಿವಣ್ಣನವರ ಪಕ್ಕದಲ್ಲಿ ಕೂತ. ಶಿವಣ್ಣನವರದ್ದೂ ಬಿಳಿ ರುಮಾಲು, ಕರಿ ಕೋಟು.

"ಯಾಕವ್ವ ಹಂಗೆ ಮಾಡ್ದೆ?" ಎಂದು ಅಯ್ಯನವರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮಂಗಳ ಮೊದಲ ಸಲ ಬಾಯಿ ಬಿಟ್ಟಳು. "ನಂಗೆ ಕಾಣಕ್ಕಿಲ್ಲ ಬುದ್ದಿ. ಅತ್ರದ್ದು ಕಾಣ್ತದೆ, ದೂರದ್ದು ಕಾಣಕ್ಕಿಲ್ಲ. ನಮ್ಮಣ್ಣಂಗೆ ಗೊತ್ತು. ಅವನ್ನ ಕೇಳಿ."

"ಸುಳ್ಳಿ!" ಎಂದು ಸಿದ್ದಲಿಂಗಮ್ಮ ಕೂಗಿದರು. "ನನ್ ಕಣ್ಣೆದುರ್ಗೇ ಸೂಜಿ ಪೋಣಿಸ್ದೋಳು! ಸೂಜಿಕಣ್ಣು ಕಂಡೋಳ್ಗೆ ಆಳೆತ್ತರದ ಅಯ್ನೋರು ಕಾಣಕ್ಕಿಲ್ವಾ?"

ಅಯ್ಯನವರು ಗಂಗಾಧರನ ಕಡೆ ತಿರುಗಿದರು. "ನೀವು ಬೆಳಕಿನ ಶಾಸ್ತ್ರ ಓದಿದೋರು. ಹಿಂಗೂ ಉಂಟಾ? ನೀವು ಉಂಟು ಅಂದ್ರೆ ಇದು ಇಲ್ಲಿಗೇ ಮುಗೀತು, ಈ ಮಗೂದು ತಪ್ಪಿಲ್ಲ."

ಇದೇ ಪ್ರಶ್ನೆ ಅವನಿಗೆ ಎಫ್.ಎ. ಪರೀಕ್ಷೆಯಲ್ಲಿ ಬಂದಿತ್ತು. ಕಣ್ಣಿನ ಚಿತ್ರ ಬರೆದು, ಗೆರೆ ಎಳೆದು ಉತ್ತರಿಸಿದ್ದ, ಒಳ್ಳೆಯ ದರ್ಜೆಯಲ್ಲಿ ಪಾಸೂ ಆಗಿದ್ದ. ಈಗ ಉಂಟು ಎಂದರೆ, ಗೊತ್ತಿದ್ದೂ ಕುರುಡಿಯನ್ನು ಕಟ್ಟಿದಿರಾ ಎಂದು ಶಿವಣ್ಣನವರು ಕೇಳುತ್ತಾರೆ. ಕೊಟ್ಟದ್ದು ಹಿಂದಕ್ಕೆ ಬರುತ್ತದೆ, ತರಬೇಕಾದದ್ದು ತಪ್ಪಿಹೋಗುತ್ತದೆ. ಮಂಗಳ ಅವನ ದನಿಗಾಗಿ ಕಿವಿಗೊಟ್ಟು ನಿಂತಿದ್ದಳು.

"ಇಲ್ಲ ಬುದ್ಧಿ," ಎಂದ ಗಂಗಾಧರಸ್ವಾಮಿ. "ವಯಸ್ಸಾದೋರಿಗೆ ಹತ್ತಿರದ್ದು ಕಾಣದೆ ದೂರದ್ದು ಕಾಣೋದು ಉಂಟು. ತಿರುವುಮುರುವಾಗಿ ಕಾಣೋದು ಅಂತ ಶಾಸ್ತ್ರದಲ್ಲೇ ಇಲ್ಲ."

ಮನೆಮನೆಯಲ್ಲೂ ಮುದುಕರನ್ನು ನೋಡಿದ್ದ ಜನ ತಲೆದೂಗಿದರು. ಎಷ್ಟಾದರೂ ಓದಿದವನು, ಸ್ವಂತ ತಂಗಿಯಾದರೂ ನ್ಯಾಯ ಬಿಡಲಿಲ್ಲ ಎಂದು ಹೊಗಳಿದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತೇ ನಿಂತು ಬರೆ ಹಾಕಿಸಿತು.

ಅಯ್ಯನವರು ನಿಟ್ಟುಸಿರು ಬಿಟ್ಟು, "ಹೋಗ್ಲಿ, ಮರ್ಯಾದೆ ಹೋದದ್ದು ಮನೇದು, ಮಾವನ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನವ್ವ, ಸಾಕು" ಎಂದರು.

ಮಂಗಳ ಮುಂದೆ ಬಂದಳು. ಸಾಲಾಗಿ ಬಿಳಿ ರುಮಾಲುಗಳು, ಕರಿ ಕೋಟುಗಳು. ತಡವರಿಸಿ, ಒಂದು ಜೊತೆ ಕಾಲಿನ ಮುಂದೆ ಅಡ್ಡಬಿದ್ದು, "ತಪ್ಪಾಯ್ತು ಮಾವಯ್ಯ, ಒಟ್ಟೆಗಾಕ್ಕಳಿ" ಎಂದಳು.

ಅದು ಗಂಗಾಧರನ ಕಾಲು.

ಸಿದ್ದಲಿಂಗಮ್ಮನೇ ಮೊದಲು, "ನೋಡಿದ್ರಾ ನಾಟ್ಕವ!" ಎಂದರು. ಆ ಮಾತು ಎಲ್ಲರಿಗೂ ಅನುಕೂಲವಾಯಿತು. ಗಂಗಾಧರ ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ಇಲ್ಲಲ್ಲ, ಪಕ್ಕಕ್ಕೆ" ಎಂದು ಪಿಸುಗುಟ್ಟಿದ. ದನಿಯಿಂದ ಅವನ ಗುರುತು ಸಿಕ್ಕಿತು. ಅವಳು ಪಕ್ಕದ ಕಾಲಿಗೆ ಸರಿದು ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.

ಹೊರಡುವ ಮುಂಚೆ ಗಂಗಾಧರ ಶಿವಣ್ಣನವರ ಮನೆಯ ಹಿತ್ತಲ ಬಾಗಿಲಿಗೆ ಬಂದು ಅವಳನ್ನು ಕರೆದ. "ಮಂಗ್ಳಾ, ಮುಂದ್ಲ ಸತಿ ಖಂಡಿತ ತತ್ತೀನಿ. ನನ್ನಾಣೆಗೂ."

"ಎಲ್ಲಿಂದ ತತ್ತೀಯ ಅಣ್ಣ?" ಎಂದಳು ಮಂಗಳ. "ಹಾಕ್ಕಂಡ್ರೆ ನೀನು ಸುಳ್ಳ ಅಂತ ಊರ್ಗೇ ಗೊತ್ತಾಯ್ತದೆ. ಇಲ್ಲ ಅಂತ ನೀನೇ ಅಂದ್ಮೇಲೆ, ಇಲ್ದೇ ಇರೋ ಕಾಯ್ಲೆಗೆ ಕನ್ನಡಕ ಯಾರ್ ಮಾಡ್ಕೊಡ್ತಾರೆ?"

ಅಷ್ಟು ಓದಿದವನಿಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು.