ಕಲ್ಲಿನ ಮೇಲಿನ ವರ್ಷ

ಪಾಂಡವಪುರದ ಕಡೆಯ ರೈತ ಅಂದಾನಯ್ಯನ ಒಬ್ಬಳೇ ಮಗಳು ಸುಧ, ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರನಾಗಿದ್ದ ದಿಲೀಪನನ್ನು ಮೆಚ್ಚಿ ಮದುವೆಯಾಗಿದ್ದಳು. ಅವನು ಕ್ರೈಸ್ತ. ಅವಳು ತನ್ನ ದೇವರನ್ನು ಬಿಡಲಿಲ್ಲ, ಅವನೂ ಬಿಡು ಎನ್ನಲಿಲ್ಲ. ಅಂದಾನಯ್ಯ ಮಾತ್ರ ಮಗಳ ಮನೆಗೆ ಒಮ್ಮೆಯೂ ಹೋಗಲಿಲ್ಲ. ತೊಂಬತ್ತನಾಲ್ಕರ ಮಳೆಗಾಲದಲ್ಲಿ ಸುಧ ಜ್ವರ ಬಂದು ತೀರಿಕೊಂಡಳು. ಸುದ್ದಿ ಮುಟ್ಟುವಷ್ಟರಲ್ಲಿ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣಾಗಿಬಿಟ್ಟಿದ್ದಳು.

ಅಂದಾನಯ್ಯ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆ ದಡದಲ್ಲಿ ಅವಳ ದೇಹದ ಬದಲಿಗೆ ದರ್ಭೆಯ ಬೊಂಬೆ ಸುಟ್ಟು ಕರ್ಮ ಮಾಡಿಸಿದ. ಪುರೋಹಿತರು 'ಶಾಲಿವಾಹನ ಶಕೇ, ಭಾವ ನಾಮ ಸಂವತ್ಸರೇ' ಎಂದು ವರ್ಷ ಹೇಳಿ ಅವಳನ್ನು ಹೆಸರು ಹಿಡಿದು ಕರೆದರು. ಅದಾದ ಮೇಲೆ ಹೆಂಡತಿ ಗೌರಮ್ಮನಿಗೆ ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಲ ಕಡೆ ಬಳೆ ಸದ್ದು ಕೇಳತೊಡಗಿತು. ಹೋಗಿ ನೋಡಿದರೆ ಯಾರೂ ಇಲ್ಲ. ಒಗೆಯುವ ಕಲ್ಲಿನ ಮೇಲೆ ಮಾತ್ರ ಯಾರೋ ಈಗಷ್ಟೇ ಕೂತು ಎದ್ದುಹೋದಂತೆ ಒದ್ದೆ.

ಗೋರಿಗೆ ಕಲ್ಲು ನಿಲ್ಲಿಸಿದ್ದಾರೆಂದು ತಿಳಿದು ಅಂದಾನಯ್ಯ ನೋಡಲು ಹೋದ. ಹೆಸರಿನ ಕೆಳಗೆ 'ಕ್ರಿ.ಶ. ೧೯೯೪' ಎಂದಿತ್ತು. ಸ್ಕೂಲು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಅಕ್ಷರಗಳೇ. ಇಲ್ಲಿ ಮಾತ್ರ ಅವು ಕ್ರಿಸ್ತನ ಹೆಸರಾಗಿ ಕಂಡವು. ನೇರ ದಿಲೀಪನ ಕ್ವಾರ್ಟರ್ಸಿಗೆ ಹೋದ.

"ನಮ್ಮುಡ್ಗೀನ ನಿಮ್ ದೇವ್ರ ವರ್ಸದಲ್ಲಿ ಮಡಗ್ಬುಟ್ಟಿದ್ದೀಯ. ನಾವು ಕರ್ದಿದ್ದು ನಮ್ ವರ್ಸದಲ್ಲಿ. ಯಾವ್ ಕಡೀಕೂ ಓಗಕ್ಕಾಗ್ದೆ ಅಲೀತಾವ್ಳೆ ಕನಪ್ಪ."

ದಿಲೀಪ ಕೂತಲ್ಲಿಂದ ಎದ್ದ.

"ಅಲ್ಲಿಗೂ ಬತ್ತಾಳಾ, ಮಾವ?"

ಸಂಜೆಯಾದರೆ ತನ್ನ ಬಾಗಿಲಲ್ಲೂ ಬಳೆ ಸದ್ದಾಗುತ್ತದೆ, ಫಾದರ್ ಬಂದು ಪ್ರಾರ್ಥನೆ ಮಾಡಿದರೂ ನಿಂತಿಲ್ಲ ಎಂದ. "ಆ ಅಕ್ಷರ ನಾನ್ ಬರ್ಸಿದ್ದಲ್ಲ. ಎಲ್ಲಾ ಕಲ್ಲಿಗೂ ಅಂಗೇ ಕೆತ್ತೋದು. ಬ್ಯಾಡ ಅಂದ್ರೆ ತೆಗ್ಸಾನ."

ಮಾವ, ಅಳಿಯ ಇಬ್ಬರೂ ನಿಂತು, ಕಲ್ಲುಕುಟಿಗ ಮರಿಸ್ವಾಮಿಯಿಂದ 'ಕ್ರಿ.ಶ.' ಕೆತ್ತಿ ತೆಗೆಸಿದರು. ಅದಿದ್ದ ಜಾಗ ಗುಳಿಬಿತ್ತು.

ಅವತ್ತು ಸಂಜೆ ಬಳೆ ಸದ್ದು ಹಿತ್ತಲಲ್ಲಿ ನಿಲ್ಲದೆ ಅಡುಗೆಮನೆಯವರೆಗೂ ಬಂತು. ಗೌರಮ್ಮನ ಬೆನ್ನ ಹಿಂದೆಯೇ ಮಗಳ ದನಿ ಕೇಳಿತು: "ಅವ್ವ, ಎಲ್ಲಿರ್ಲಿ ನಾನು?"

ಬೆಳಗಾದದ್ದೇ ಗೌರಮ್ಮ ಗಂಡನನ್ನು ಹೊರಡಿಸಿಕೊಂಡು ಸ್ಮಶಾನಕ್ಕೆ ಬಂದಳು. ಮಗಳು ಸತ್ತ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಗೋರಿಯ ಪಕ್ಕ ಕೂತು, ಮಲಗಿದ್ದ ಮಗುವನ್ನು ತಟ್ಟುವಂತೆ ಮಣ್ಣು ತಟ್ಟಿದಳು.

"ನಾಲೆ ಒಡ್ಕೊಂಡ ವರ್ಸ ನೀನುಟ್ಟಿದ್ದು. ನಮ್ ಕೆಂಪ್ ಅಸ ಜೋಡಿ ಕರ ಆಕಿದ್ ವರ್ಸ ಓಗ್ಬುಟ್ಟೆ. ನಂಗ್ ಗೊತ್ತಿರೋದು ಇಷ್ಟೇ ಕನವ್ವ. ಇಲ್ಲೇ ಮನೀಕೊ. ನೀನ್ ಬರಬ್ಯಾಡ, ನಾವೇ ಬತ್ತೀವಿ."

ಅವರಿಗಿಂತ ಮೊದಲೇ ಬಂದು ದೂರ ನಿಂತಿದ್ದ ದಿಲೀಪ ಹತ್ತಿರ ಬಂದ. ಅಂದಾನಯ್ಯ ಸರಿದು, ಅವನಿಗೂ ಕೂರಲು ಜಾಗ ಬಿಟ್ಟ.

ಅಂದು ಸಂಜೆ ಗೌರಮ್ಮ ದೀಪ ಹಚ್ಚಿ ಕಿವಿಗೊಟ್ಟು ಕೂತಳು. ಎಷ್ಟು ಹೊತ್ತಾದರೂ ಏನೂ ಕೇಳಲಿಲ್ಲ.

"ಬಂದ್ಲಾ?" ಎಂದ ಅಂದಾನಯ್ಯ.

"ಇಲ್ಲ."

ಆಗ ಇಬ್ಬರಿಗೂ ಅಳು ಬಂತು.