ಪೆನ್ಸಿಲ್ ಚುಕ್ಕೆ

ಅಗ್ರಹಾರದ ನಮ್ಮ ರಕ್ತದಾನಿಗಳ ಸಂಘಕ್ಕೆ 1998ರಲ್ಲಿ ಯಾರೋ ಒಂದು ಹಳೆಯ ಕಂಪ್ಯೂಟರ್ ಕೊಟ್ಟರು. ಅದಕ್ಕೆ ಮುಂಚೆ ಒಂಬತ್ತು ವರ್ಷ ದಾನಿಗಳ ಪಟ್ಟಿ ಇದ್ದದ್ದು ನನ್ನ ಕೈಯಲ್ಲಿ: ಮರದ ಎರಡು ಡ್ರಾಯರ್, ಆರುನೂರ ಹನ್ನೆರಡು ಕಾರ್ಡು. ಆಸ್ಪತ್ರೆಯಿಂದ ಫೋನ್ ಬಂದರೆ ಕಾರ್ಯದರ್ಶಿ ಶಿವರುದ್ರಪ್ಪನವರು ಕೂತಲ್ಲಿಂದಲೇ "ಅಂಬುಜಾ" ಎಂದು ಕೂಗುತ್ತಿದ್ದರು. ಡ್ರಾಯರ್ ಎಳೆಯುವ ಮೊದಲೇ ಎಷ್ಟೋ ಸಲ ನನ್ನ ಬಾಯಿಗೆ ಹೆಸರು ಬಂದಿರುತ್ತಿತ್ತು.

ಆ ವರ್ಷ ಶಿವಾನಿ ಕೆಲಸಕ್ಕೆ ಸೇರಿದಳು. ಇಪ್ಪತ್ತೆರಡು ವಯಸ್ಸು. ಮೂರು ವಾರದಲ್ಲಿ ನನ್ನ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಹುಡುಕುವುದಕ್ಕೆ, ತಿದ್ದುವುದಕ್ಕೆ 'ಸಿ' ಭಾಷೆಯಲ್ಲಿ ಪ್ರೋಗ್ರಾಂ ಬರೆದಳು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನಾನೂ ಸಂಜೆ ತರಗತಿಗೆ ಹೋಗಿ ಆ ಭಾಷೆ ಕಲಿತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

"ನೋಡಿ ಅಂಬುಜಾ, ಒಂದು ಗುಂಡಿ ಒತ್ತಿದ್ರೆ ಓ ನೆಗೆಟಿವ್‌ನೋರೆಲ್ಲ ಬಂದ್ಬುಡ್ತಾರೆ," ಎಂದರು ಶಿವರುದ್ರಪ್ಪನವರು. "ನಿಮ್ಮ ಡ್ರಾಯರ್ ಅಟ್ಟಕ್ಕೆ ಹಾಕ್ಸೋಣ. ನಿಮಗೂ ಆರಾಮ."

ನನಗೆ ಆರಾಮ ಬೇಕಿರಲಿಲ್ಲ. ಪಟ್ಟಿ ಬೇಕಿತ್ತು.

ಮಾರನೆಯ ದಿನ ಶಿವಾನಿ ಪ್ರೋಗ್ರಾಮಿನ ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟಳು. "ಮೇಡಂ, ಒಂದ್ಸಲ ಕಣ್ಣಾಡಿಸಿ ಸಹಿ ಹಾಕ್ಕೊಡಿ. ನಿಮಗೂ ಸಿ ಬರುತ್ತಂತಲ್ಲ, ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ರು. ಹೇಳ್ಲೇ ಇಲ್ಲ ನೋಡಿ ನೀವು."

ಅವಳ ಬರವಣಿಗೆ ಅಚ್ಚುಕಟ್ಟಾಗಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಎರಡನೆಯ ಹಾಳೆಯಲ್ಲಿ ಕಣ್ಣು ನಿಂತಿತು. ಫೈಲನ್ನು ಓದುವುದಕ್ಕೂ ಬರೆಯುವುದಕ್ಕೂ ಒಟ್ಟಿಗೇ ತೆರೆದಿದ್ದಳು. ಹಾಗೆ ತೆರೆದಾಗ ಓದಿನಿಂದ ಬರಹಕ್ಕೆ, ಬರಹದಿಂದ ಓದಿಗೆ ಹೊರಳುವ ಪ್ರತಿ ಸಲವೂ ಫೈಲಿನಲ್ಲಿ ಈಗ ಎಲ್ಲಿದ್ದೇವೆ ಎಂಬುದನ್ನು ಯಂತ್ರಕ್ಕೆ ಮತ್ತೆ ಹೇಳಬೇಕು. ಯಂತ್ರ ಒಂದೊಂದೇ ದಾಖಲೆ ತರುವುದಿಲ್ಲ. ಹಲವನ್ನು ಒಟ್ಟಿಗೆ ತಂದು ಮಡಿಲಲ್ಲಿ ಇಟ್ಟುಕೊಂಡಿರುತ್ತದೆ. ಹೇಳದಿದ್ದರೆ ಅದರ ಲೆಕ್ಕ ತಪ್ಪಿ, ಒಬ್ಬರ ವಿವರ ಇನ್ನೊಬ್ಬರ ಜಾಗದಲ್ಲಿ ಕೂರಬಹುದು. ಶಿವಾನಿ ಬರೆಯುವ ಮುಂಚೆ ಸರಿಯಾಗಿ ಒಂದು ದಾಖಲೆ ಹಿಂದೆ ಸರಿದಿದ್ದಳು. ಬರೆದ ಮೇಲೆ ಮಾತ್ರ ಏನೂ ಹೇಳದೆ ನೇರ ಮುಂದಿನದನ್ನು ಓದಿದ್ದಳು. ಒಬ್ಬರ ವಿವರ ತಿದ್ದಿ ಫೈಲು ಮುಚ್ಚಿದರೆ ತೊಂದರೆ ಕಾಣುವುದಿಲ್ಲ. ಅವಳು ಪರೀಕ್ಷಿಸಿದ್ದೂ ಹಾಗೆಯೇ. ಒಂದೇ ಸಲಕ್ಕೆ ಹಲವರನ್ನು ತಿದ್ದಿದರೆ ಕೆಡುತ್ತದೆ. ಸಂಜೆ ತರಗತಿಯಲ್ಲಿ ನಾನೂ ಇದೇ ತಪ್ಪು ಮಾಡಿ ಎರಡು ದಿನ ಒದ್ದಾಡಿದ್ದೆ.

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬರುವ ಭಾನುವಾರ ರಕ್ತದಾನ ಶಿಬಿರವಿತ್ತು. ಅದು ಮುಗಿದ ಮೇಲೆ ನಲವತ್ತು ಐವತ್ತು ಜನರ ದಿನಾಂಕ ಒಟ್ಟಿಗೆ ತಿದ್ದಬೇಕಾಗುತ್ತದೆಂದು ನನಗೆ ಗೊತ್ತಿತ್ತು. ಕೊನೆಯ ಹಾಳೆಯಲ್ಲಿ ಸಹಿ ಹಾಕಿದೆ.

"ಏನೂ ತಪ್ಪಿಲ್ವಾ ಮೇಡಂ?"

"ಚೆನ್ನಾಗಿದೆ ಕಣಮ್ಮ."

ಅವಳು ಖುಷಿಯಾಗಿ, ಪ್ರೋಗ್ರಾಮಿನ ತಲೆಯಲ್ಲಿ ತನ್ನ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದಳು: ಪರಿಶೀಲನೆ, ಅಂಬುಜಾ.

ಸೋಮವಾರ ನಲವತ್ತಾರು ಜನರ ದಿನಾಂಕ ಏರಿಸಿ, ಶಿಸ್ತಿನ ಹುಡುಗಿಯಾದ್ದರಿಂದ, ಫೈಲನ್ನು ಹಳೆಯ ಫ್ಲಾಪಿಯ ಮೇಲೇ ಕಾಪಿ ಮಾಡಿದಳು. ಸರಿಯಿದ್ದ ಪ್ರತಿಯೂ ಅಳಿಸಿಹೋಯಿತು. ಬುಧವಾರ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಶಿವಾನಿ ಗುಂಡಿ ಒತ್ತಿದಳು. ಪರದೆಯ ಮೇಲೆ ಇಲವಾಲದ ಮೃತ್ಯುಂಜಯ ಎಂಬುವರ ಹೆಸರು ನಾಲ್ಕು ಸಲ ಬಂತು. ಅವರು ಭಾನುವಾರವಷ್ಟೇ ರಕ್ತ ಕೊಟ್ಟಿದ್ದರು, ಇನ್ನು ಮೂರು ತಿಂಗಳು ಕೊಡುವಂತಿಲ್ಲ. ಬೇರೆ ಯಾರೂ ಇಲ್ಲ.

"ಇನ್ನೊಂದ್ಸಲ ಒತ್ತಮ್ಮ," ಎಂದರು ಶಿವರುದ್ರಪ್ಪನವರು.

ಒತ್ತಿದಳು. ಮತ್ತೆ ಮೃತ್ಯುಂಜಯ. ನಾನು ಇದನ್ನೇ ಬಯಸಿದ್ದೆ. ಆದರೆ ನನ್ನ ಬಯಕೆಯಲ್ಲಿ ಆ ಹೆಂಗಸು ಇರಲಿಲ್ಲ.

"ಹಿನಕಲ್ ಕೆಂಪಯ್ಯ," ಎಂದೆ. "ಸೈಕಲ್ ಅಂಗಡಿ. ಪಕ್ಕದ ಮನೆ ನಂಬರ್ ನನ್ನ ಹತ್ರ ಇದೆ."

ಫೋನಿಗೆ ಬಂದ ಕೆಂಪಯ್ಯ ಒಂದೇ ಮಾತಾಡಿದ. "ಪಂಚರ್ ಆಮ್ಯಾಕೆ ಆಕ್ತೀನಿ ಬುಡಿ, ಈಗ್ಲೇ ಒಂಟೆ." ಮಧ್ಯಾಹ್ನ ಮೂರಕ್ಕೆ, ಹೆಂಗಸು ಚೇತರಿಸಿಕೊಳ್ಳುತ್ತಿದ್ದಾಳೆಂದು ಆಸ್ಪತ್ರೆಯವರು ತಿಳಿಸಿದರು.

ಶಿವರುದ್ರಪ್ಪನವರು ಅಟ್ಟದಿಂದ ಡ್ರಾಯರ್ ಇಳಿಸಿದರು. ತಾವೇ ಧೂಳು ಒರೆಸಿದರು. "ಪಟ್ಟಿ ನಿಮ್ಮ ಕೈಲೇ ಇರ್ಲಿ ಅಂಬುಜಾ. ಮಿಷನ್ನು ನಂಬ್ಕೊಂಡು ಕೆಟ್ವಿ." ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದಿಲ್ಲ. ಅವರು ಕೆಳಗೆ ಕಾಫಿಗೆ ಹೋದರು.

ಶಿವಾನಿ ಆ ಪ್ರಿಂಟನ್ನು ಹರಡಿಕೊಂಡು ಸಾಲು ಸಾಲಾಗಿ ಬೆರಳಾಡಿಸುತ್ತಿದ್ದಳು. ಎರಡನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಮೇಡಂ, ಇಲ್ಲೊಂದು ಪೆನ್ಸಿಲ್ ಚುಕ್ಕೆ ಇದೆ."

ಕಾಲೇಜಿನ ಪ್ರಯೋಗಶಾಲೆಯ ಕಾಲದಿಂದ, ಅನುಮಾನ ಬಂದ ಸಾಲಿನ ಪಕ್ಕ ಸಣ್ಣದೊಂದು ಚುಕ್ಕೆ ಇಡುವುದು ನನ್ನ ಅಭ್ಯಾಸ. ಕೈ ನನಗೆ ಹೇಳದೆಯೇ ಇಟ್ಟಿತ್ತು.

"ನಿಮ್ದೇ ಅಲ್ವಾ?"

"ಹೌದು."

"ಸಹಿ ಹಾಕೋಕೆ ಮುಂಚೇನೋ, ಆಮೇಲೋ?"

ಆಮೇಲೆ ಎಂದಿದ್ದರೆ ಅವಳು ನಂಬುತ್ತಿದ್ದಳು. "ಮುಂಚೆ," ಎಂದೆ.

ಅವಳು ಅಳಲಿಲ್ಲ, ಜೋರು ಮಾಡಲಿಲ್ಲ. ಪರದೆಯ ಕಡೆ ತಿರುಗಿ ಕೂತಳು. "ಏನು ಹಾಕ್ಬೇಕಿತ್ತು ಇಲ್ಲಿ?"

"ಬರೆದಾದ ಮೇಲೆ, ಓದೋಕೆ ಮುಂಚೆ, ಒಂದು ಎಫ್‌ಸೀಕ್. ಸೊನ್ನೆ ಜರುಗಿಸಿದರೂ ಸಾಕು. ಇದ್ದ ಜಾಗದಲ್ಲೇ ಇದ್ದೀನಿ ಅಂತ ಅದಕ್ಕೆ ಹೇಳಿದ ಹಾಗೆ."

ಆ ಸಾಲನ್ನು ಹಾಕಿದಳು. ಆಮೇಲೆ ಪ್ರೋಗ್ರಾಮಿನ ತಲೆಗೆ ಹೋಗಿ, ನನ್ನ ಹೆಸರಿದ್ದ ಸಾಲನ್ನು ಒಂದೊಂದೇ ಅಕ್ಷರ ಅಳಿಸಿದಳು.

"ಕಾರ್ಡ್ ಓದಿ ಮೇಡಂ," ಎಂದಳು. "ಮೊದಲಿಂದ ಏರಿಸ್ತೀನಿ."

ನಾನು ಡ್ರಾಯರ್ ಎಳೆದು ಓದತೊಡಗಿದೆ. ಅವಳು ಕೀಲಿಮಣೆ ನೋಡದೆಯೇ ಹೊಡೆಯುತ್ತಿದ್ದಳು. ನಾನು ಎಷ್ಟು ಬೇಗ ಓದಿದರೂ ಅವಳ ಕೈ ನನಗಾಗಿ ಕಾಯುತ್ತಿತ್ತು. ಆಗಲೂ ನನಗೆ ಹೊಟ್ಟೆ ಉರಿಯಿತು.